ಒಂದು ಬಾಲ್ದಿ ಮಸಿ

'ಇಷ್ಟೇ ಸಾಕು,' ಎಂದು ಭವಿತಾ ಚಿಟಿಕೆ ಮಸಿಯನ್ನು ಎಡಗಡೆಯ ಐಸ್ ಗಡ್ಡೆಯ ಮೇಲೆ ಉದುರಿಸಿದಳು, ಪಾಯಸಕ್ಕೆ ಏಲಕ್ಕಿ ಪುಡಿ ಹಾಕಿದ ಹಾಗೆ.

ಬಲಗಡೆಯದು ಬೆಳ್ಳಗೆ ಹಾಗೇ ಇತ್ತು. ಎರಡೂ ಬಂದದ್ದು ಮೀನಿನ ಆದಂ ಕುಂಞಿಯ ರಿಕ್ಷಾದಲ್ಲಿ. ಬಂಗುಡೆಯ ವಾಸನೆ ಇನ್ನೂ ಬಿಟ್ಟಿರಲಿಲ್ಲ. ಮಸಿ ಮಾತ್ರ ಮನೆಯದೇ, ರಬ್ಬರ್ ಶೀಟು ಒಣಗಿಸುವ ಹೊಗೆಗೂಡಿನ ಗೋಡೆಯಿಂದ ಕೆರೆದದ್ದು. ಕಲ್ಲುಗುಂಡಿಯ ಮಾರ್ಚ್ ಬಿಸಿಲಿಗೆ ಅಂಗಳ ಕಾದಿತ್ತು.

ಪಂಥ ಹೂಡಿದವನು ಗಂಡ ಸುಜಯ್. ಕರಿ ಮೊದಲು ಕರಗಿದರೆ ಅವಳು ಮತ್ತೊಮ್ಮೆ ಉತ್ತರ ಧ್ರುವದ ಬಳಿಯ ಸಂಶೋಧನಾ ಠಾಣೆಗೆ ಹೋಗುವುದು. ಬಿಳಿ ಮೊದಲು ಕರಗಿದರೆ ಇಲ್ಲೇ ಇರುವುದು. ಅಲ್ಲಿಗೆ ಇವತ್ತೇ ಉತ್ತರ ಕಳಿಸಬೇಕಿತ್ತು. 'ಹೋಗುತ್ತೇನೆ' ಎಂಬ ಒಂದು ಮಾತನ್ನು ವಾರಗಳಿಂದ ಅವಳು ಮನೆಯಲ್ಲಿ ಆಡಿರಲಿಲ್ಲ. ಐಸೇ ಹೇಳಲಿ ಎಂದು ಒಪ್ಪಿದಳು. ಗೆಲ್ಲುವುದು ಖಚಿತವಿದ್ದ ಪಂಥ. ವಿಜ್ಞಾನಿಯ ಧೈರ್ಯ ಅಷ್ಟೇ.

'ಅಲ್ಲಿ ನೀನು ಎಂತ ಮಾಡುದು, ಒಮ್ಮೆ ಸರಿ ಹೇಳು,' ಎಂದರು ಅತ್ತೆ ಪೂವಮ್ಮ.

'ಹಿಮದಲ್ಲಿ ಮಸಿ ಹುಡುಕುದು.'

'ಮಸಿಗೆ ಅಷ್ಟು ದೂರ ಯಾಕೆ? ನಮ್ಮ ಅಡಿಗೆಮನೆಯಲ್ಲೇ ಉಂಟಲ್ಲ.'

ಎಲ್ಲರೂ ನಕ್ಕರು. ಭವಿತಾಳಿಗೂ ನಗು ಬಂತು. ನಗುತ್ತಲೇ ಹೇಳಿದಳು: ಎಲ್ಲೆಲ್ಲಿಯದೋ ಹೊಗೆ ಗಾಳಿಯಲ್ಲಿ ಅಲ್ಲಿಯವರೆಗೂ ಹೋಗುತ್ತದೆ. ಬಿಳಿ ಹಿಮ ಬಿಸಿಲನ್ನು ವಾಪಸು ಎಸೆಯುತ್ತದೆ, ಮಸಿ ಕುಡಿಯುತ್ತದೆ. ಕಣ್ಣಿಗೆ ಕಾಣದಷ್ಟು ಬಿದ್ದರೂ ಹಿಮ ಕರಗುತ್ತದೆ. ಆಮೇಲೆ ಅಡಿಯ ಕಪ್ಪು ನೆಲ, ಕಪ್ಪು ಸಮುದ್ರ, ಅವೂ ಕುಡಿಯಲು ಶುರುಮಾಡುತ್ತವೆ.

'ಕುಡುಕರ ಊರು,' ಎಂದ ಸುಜಯ್. 'ಹಾಗಾದ್ರೆ ನಾನೂ ಬರ್ತೇನೆ.'

ಆದಂ ಕುಂಞಿ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಅಷ್ಟರಲ್ಲಿ ಕರಿಯ ಮೈಯಲ್ಲಿ ಸಣ್ಣ ಸಣ್ಣ ಕುಳಿ ಬಿದ್ದು ನೀರು ಹರಿಯತೊಡಗಿತು. ಅವನು ಕಂಬಳದ ಕೋಣಗಳನ್ನು ಓಡಿಸುವವರ ಹಾಗೆ ಕೂಗಿದ: 'ಕರಿ ಮುಂದೆ ಉಂಟು, ಕರಿ ಮುಂದೆ.'

ಭವಿತಾಳಿಗೆ ಉಯ್ಯಾಲೆಯಲ್ಲಿ ಕೂತ ಹಾಗೆ ತಲೆ ತಿರುಗಿತು. ಹೋಗುತ್ತೇನೆ, ಹೋಗುತ್ತೇನೆ. ಎಷ್ಟು ಸುಲಭ. ಯಾರಿಗೂ ಏನೂ ಹೇಳಬೇಕಿಲ್ಲ.

ಸುಜಯ್ ಹೊಗೆಗೂಡಿನಿಂದ ಓಡಿ ಬಂದ. ಕೈಯಲ್ಲಿ ಬಾಲ್ದಿ ತುಂಬ ಮಸಿ.

'ಚಿಟಿಕೆಗೇ ಹೀಗೆ ಓಡುದಾದ್ರೆ, ಇದಿಷ್ಟೂ ಸುರಿದ್ರೆ ನಿನ್ನ ವಿಮಾನ ಇವತ್ತೇ.'

ತೆಳು ಮಸಿ ಐಸನ್ನು ಕರಗಿಸುತ್ತದೆ. ದಪ್ಪ ಮಸಿ ಕಂಬಳಿಯ ಹಾಗೆ ಮುಚ್ಚಿ, ಬಿಸಿ ಒಳಗಿಳಿಯದಂತೆ ಐಸನ್ನು ಕಾಪಾಡುತ್ತದೆ. ಅಂಗಳದಲ್ಲಿ ಇದು ಗೊತ್ತಿದ್ದದ್ದು ಅವಳೊಬ್ಬಳಿಗೆ. ಬೇಡ ಎಂದರೆ ಸಾಕಿತ್ತು.

ಅವನ ಮುಖ ನೋಡಿದಳು. ಬೆವರು, ಉತ್ಸಾಹ, ಕಿವಿಯವರೆಗೆ ನಗು. ಅವಳನ್ನು ಗೆಲ್ಲಿಸಲಿಕ್ಕೆ ಓಡಿ ಬಂದಿದ್ದ. ನಾನು ಹೋಗುವುದಕ್ಕೆ ಇವನಿಗೆ ಇಷ್ಟು ಖುಷಿಯೇ?

'ಹಾಕ್ಲಾ?'

'ಹಾಕು ಮಾರಾಯ.'

ಅವನು ಕರಿಯ ಮೇಲೆ ಸುರಿದ. ಐಸ್ ಹೂತುಹೋಯಿತು. ಹಾರಿದ ಮಸಿಗೆ ಎಲ್ಲರೂ ಕೆಮ್ಮಿದರು, ನಕ್ಕರು. ಸುಜಯ್ ಬೆರಳದ್ದಿ ಅವಳಿಗೆ ಮೀಸೆ ಬರೆದ. ಅವಳು ಅವನ ಎರಡೂ ಕೆನ್ನೆಗೆ ಬಳಿದಳು. ಮದುವೆಯಾದ ಮೇಲೆ ಅವರು ಇಷ್ಟು ನಕ್ಕಿರಲಿಲ್ಲ.

ಬಿಳಿ ಮೆಲ್ಲಗೆ ಸೋಪಿನ ಬಿಲ್ಲೆಯಷ್ಟಾಯಿತು. ಆಮೇಲೆ ನೀರಾಗಿ ತೆಂಗಿನ ಬುಡಕ್ಕೆ ಹೋಯಿತು.

'ಬಿಳಿ ಖಾಲಿ,' ಎಂದ ಆದಂ ಕುಂಞಿ. 'ಕರಿ ಇನ್ನೂ ಉಂಟು.' ಪೂವಮ್ಮ ಚಪ್ಪಾಳೆ ತಟ್ಟಿ ಸೊಸೆಯ ಬೆನ್ನು ಸವರಿದರು.

'ನಿನ್ನ ವಿಜ್ಞಾನ ಕೈಕೊಟ್ಟಿತಲ್ಲ,' ಎಂದ ಸುಜಯ್.

'ಕೊಟ್ಟಿತು.'

'ಬೇಜಾರಾ?'

'ಇಲ್ಲ. ನಿನಗೆ?'

ಅವನು ಖಾಲಿ ಬಾಲ್ದಿಯ ತಳ ನೋಡಿದ. 'ನಂಗೆಂತ ಬೇಜಾರು. ಬಾ, ಮೀನಿನ ಗಸಿ ಆಯ್ತಂತೆ.'

ಎಲ್ಲರೂ ಒಳಗೆ ಹೋದರು. ಭವಿತಾಳಿಗೆ ನಗು ಇನ್ನೂ ನಿಂತಿರಲಿಲ್ಲ. ಕುಕ್ಕರಗಾಲಲ್ಲಿ ಕೂತು ಮಸಿಯ ರಾಶಿಯೊಳಗೆ ಕೈ ತೂರಿಸಿದಳು. ಮೇಲೆ ಸುಡುತ್ತಿತ್ತು. ಒಳಗೆ, ಮಣಿಕಟ್ಟಿನ ಆಳದಲ್ಲಿ, ಐಸ್ ತಣ್ಣಗೆ ಕೂತಿತ್ತು. ಅಂಗೈಯನ್ನು ಅದಕ್ಕೆ ಒತ್ತಿ ಹಿಡಿದಳು.

'ಊಟಕ್ಕೆ ಬಾ,' ಎಂದು ಸುಜಯ್ ಕರೆದ.

'ಬಂದೆ,' ಎಂದಳು. ಕೈ ತೆಗೆಯಬೇಕು ಎಂದುಕೊಂಡಳು. ಒಳಗೆ ಯಾವುದು ಬೆರಳು, ಯಾವುದು ಐಸ್ ಎಂದು ತಿಳಿಯುತ್ತಿರಲಿಲ್ಲ.