ಪೈಪಣ್ಣನ ಊಟದ ಪಟ್ಟಿ

ಆ ಬಡಾವಣೆಗೆ ಹೊಸದಾಗಿ ಬಂದವರು ಸಾಮಾನು ಇಳಿಸಿ, ಒಲೆ ಯಾವ ಡಬ್ಬದಲ್ಲಿದೆ, ತಟ್ಟೆ ಯಾವ ಡಬ್ಬದಲ್ಲಿದೆ ಎಂದು ಹುಡುಕಿ ಸುಸ್ತಾದ ಮೇಲೆ ಕೇಳುವ ಮೊದಲ ಪ್ರಶ್ನೆ: ಇಲ್ಲಿ ಹತ್ತಿರದಲ್ಲಿ ಊಟಕ್ಕೆ ಎಲ್ಲಿ ಹೋಗಬಹುದು? ಅದಕ್ಕೆ ಉತ್ತರ ಮೂಲೆಯ ಲೈಬ್ರರಿಯಲ್ಲಿ ಸಿಗುತ್ತಿತ್ತು. ಬಾಗಿಲ ಪಕ್ಕದ ಮೇಜಿನ ಮೇಲೆ ಹಳದಿ ಹಾಳೆಗಳ ಒಂದು ಕಟ್ಟು. ಹಾಳೆಯ ಒಂದು ಮಗ್ಗುಲಲ್ಲಿ ಊಟದ ಹೋಟೆಲುಗಳು, ಇನ್ನೊಂದು ಮಗ್ಗುಲಲ್ಲಿ ವೈನ್ ಬಾರುಗಳು, ಒಟ್ಟು ಹನ್ನೆರಡು. ವರ್ಷಕ್ಕೊಮ್ಮೆ ಹೊಸ ಪಟ್ಟಿ. ಬರೆದುಕೊಳ್ಳುತ್ತಿದ್ದವರು ಲೈಬ್ರರಿ ಮೇಡಂ, ಹೇಳುತ್ತಿದ್ದವನು ಪ್ಲಂಬರ್ ಪೈಪಣ್ಣ.

ಪೈಪಣ್ಣ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಇಪ್ಪತ್ತೆಂಟು ವರ್ಷ ಆ ಬೀದಿಗಳ ಸಿಂಕುಗಳ ಕೆಳಗೆ ಅಂಗಾತ ಮಲಗಿ ಸಂಪಾದಿಸಿಕೊಂಡದ್ದು. ತಮಾಷೆಯೆಂದರೆ ಆ ಹನ್ನೆರಡರಲ್ಲಿ ಒಂದರಲ್ಲೂ ಅವನು ಕೂತು ಉಂಡವನಲ್ಲ. ವೈನನ್ನಂತೂ ನಾಲಿಗೆಗೆ ಸೋಕಿಸಿದವನೇ ಅಲ್ಲ. ಮನೆಯಿಂದ ಡಬ್ಬಿ ತರುತ್ತಿದ್ದ, ಯಾವುದಾದರೂ ಹಿತ್ತಲ ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದ. ಅವನ ಲೆಕ್ಕ ಬೇರೆ. ಸಿಂಕಿನ ಕೆಳಗೆ ಬಾಗಿದ ಪೈಪು ಇರುತ್ತದಲ್ಲ, ಅದನ್ನು ಬಿಚ್ಚಿದರೆ ಅಡುಗೆಯವನ ಗುಣವೆಲ್ಲ ಬಕೆಟ್ಟಿಗೆ ಬೀಳುತ್ತದೆ ಎನ್ನುತ್ತಿದ್ದ. ಜಿಡ್ಡು ಸುರಿದವನು ಯಾರು, ಹಳಸಿದ್ದನ್ನು ಗುಟ್ಟಾಗಿ ತೊಳೆದು ಬಿಟ್ಟವನು ಯಾರು, ಎಲ್ಲ ಅಲ್ಲೇ ಗೊತ್ತಾಗುತ್ತಿತ್ತು. ವೈನ್ ಬಾರುಗಳಲ್ಲಿ ಗ್ಲಾಸು ತೊಳೆಯುವ ಸಿಂಕು ನೋಡುತ್ತಿದ್ದ. ಅಲ್ಲಿ ಸೋಪು ಗಟ್ಟಿಕಟ್ಟಿದ್ದರೆ ಮುಗಿಯಿತು, ಎಷ್ಟೇ ಒಳ್ಳೆಯ ಬಾಟಲಿ ಇದ್ದರೂ ಪಟ್ಟಿಗಿಲ್ಲ.

ಅವನಿಗಿಂತ ಮುಂಚೆ ಪಟ್ಟಿ ಮಾಡುತ್ತಿದ್ದವನು ಬಡಾವಣೆ ಸಂಘದ ಕಾರ್ಯದರ್ಶಿ. ಅದರಲ್ಲಿ ನಾಲ್ಕು ಅವನ ಭಾವಮೈದುನರ ಅಂಗಡಿಗಳೇ. ತಿಂದು ಬಂದವರು ಮರುದಿನ ಹಾಳೆ ಹಿಡಿದುಕೊಂಡು ಬಂದು ಮೇಡಂ ಮುಂದೆ ಮುಖ ಸಿಂಡರಿಸುತ್ತಿದ್ದರು. ಪೈಪಣ್ಣ ಬಂದ ಮೇಲೆ ಆ ದೂರು ನಿಂತಿತ್ತು. ಅವನು ಬಗ್ಗಿ ನೋಡದ ಅಂಗಡಿ ಪಟ್ಟಿಗೆ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

"ಈ ಸಲ ಹನ್ನೊಂದೇ ಆಗುತ್ತಲ್ಲ," ಎಂದರು ಮೇಡಂ, ಬುಧವಾರ. "ಸೇತುವೆ ಹತ್ತಿರದ್ದು ಮುಚ್ಚಿಹೋಯ್ತು. ನಿಮ್ಮಕ್ಕ ವೈನ್ ಬಾರ್ ಹಾಕಿದ್ದಾರಂತಲ್ಲ, ಗಡಿಯಾರದ ಅಂಗಡಿ ಪಕ್ಕ. ಅದು ಹೇಗಿದೆ?"

ಪೈಪಣ್ಣ ಕತ್ತು ಕೆರೆದುಕೊಂಡ. "ನೋಡಿಲ್ಲ ಮೇಡಂ."

"ಎಂಟು ತಿಂಗಳಾಯ್ತಲ್ರೀ."

"ಕರೆದಿಲ್ಲ."

"ಅಕ್ಕನ ಮನೆಗೆ ಕರೆಯೋಲೆ ಬೇಕಾ ನಿಮಗೆ? ಶನಿವಾರ ಅಚ್ಚಿಗೆ ಕೊಡಬೇಕು. ಬೇಗ ಹೇಳಿ."

ಅಕ್ಕ ಎಂದರೆ ಅವನಿಗೆ ಅರ್ಧ ಅಮ್ಮ. ತಾಯಿ ತೀರಿಕೊಂಡಾಗ ಅವನಿಗೆ ಒಂಬತ್ತು, ಅವಳಿಗೆ ಹದಿನೇಳು. ಮೂವತ್ತೈದು ವರ್ಷ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ದೊಡ್ಡ ಪಾತ್ರೆ ತಿರುವಿ ನಿವೃತ್ತಳಾದ ಮೇಲೆ, ಇನ್ನು ರೋಗಿಗಳಲ್ಲದವರಿಗೂ ಅಡುಗೆ ಮಾಡಬೇಕು ಎಂದು ಆರು ಮೇಜಿನ ಅಂಗಡಿ ಹಾಕಿದ್ದಳು. ವೈನಿನ ವಿಷಯ ಮಗಳ ಪಾಲು. ಆದರೆ ಆರರಲ್ಲಿ ಐದು ಮೇಜು ಖಾಲಿ ಇರುತ್ತಿದ್ದವು. ತಿಂಗಳ ಕೊನೆಗೆ ಅಂಗಡಿಯ ಬಾಡಿಗೆ ಕರಾರು ಮುಗಿಯುತ್ತಿತ್ತು. ಮುಂದುವರಿಸುತ್ತೀರಾ ಎಂದು ಕಟ್ಟಡದ ಯಜಮಾನ ಕೇಳಿದ್ದಕ್ಕೆ, "ಲೈಬ್ರರಿ ಹಾಳೆ ಬರಲಿ, ಆಮೇಲೆ ಹೇಳ್ತೀನಿ," ಎಂದಿದ್ದಳಂತೆ. ಇದು ಪೈಪಣ್ಣನ ಕಿವಿಗೆ ಬಿದ್ದದ್ದು ಬೇರೆಯವರ ಬಾಯಿಂದ. ಅವಳಾಗಿ ತಮ್ಮನಿಗೆ ಒಂದು ಮಾತೂ ಆಡಿರಲಿಲ್ಲ.

ಅವನನ್ನು ಕೊರೆಯುತ್ತಿದ್ದದ್ದು ಅದಲ್ಲ. ಮೂರನೇ ತಿಂಗಳಲ್ಲಿ ಅಕ್ಕನ ಸಿಂಕು ಕಟ್ಟಿಕೊಂಡಿತ್ತು, ಅವಳು ಎರಡು ಬೀದಿ ಆಚೆಯ ಪ್ಲಂಬರನ್ನು ಕರೆಸಿದ್ದಳು. ಆ ಮನುಷ್ಯನ ವ್ಯಾನು ಅಂಗಡಿಯ ಮುಂದೆ ನಿಂತಿದ್ದನ್ನು ಪೈಪಣ್ಣ ಕಣ್ಣಾರೆ ನೋಡಿದ್ದ. ವಾಷರಿನ ಯಾವ ಕಡೆ ಮೇಲೆ ಬರಬೇಕು ಎಂದು ತಿಳಿಯದವನು! ಆವತ್ತೇ ಅವನು ತೀರ್ಮಾನಿಸಿಬಿಟ್ಟಿದ್ದ: ಅಕ್ಕ ತನ್ನ ಅಡುಗೆಮನೆಯನ್ನು ನನ್ನಿಂದ ಬಚ್ಚಿಡುತ್ತಿದ್ದಾಳೆ. ತೋರಿಸಬಾರದ್ದು ಏನೋ ಇದೆ.

ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ಟೂಲ್ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹಿಂದಿನ ಬಾಗಿಲು ತಟ್ಟಿದ. ಅಕ್ಕ ಈರುಳ್ಳಿ ಹೆಚ್ಚುತ್ತಿದ್ದ ಚಾಕು ಹಿಡಿದೇ ಬಂದು ಬಾಗಿಲಿಗೆ ಅಡ್ಡ ನಿಂತಳು.

"ಏನೋ, ಇಲ್ಲಿಂದ ಬಂದೆ?"

"ಇನ್ನೆಲ್ಲಿಂದ ಬರ್ಲಿ?"

"ಮುಂದೆ ಒಂದು ಬಾಗಿಲಿದೆ. ಹಸಿರು ಬಣ್ಣ ಹೊಡ್ಸಿದ್ದೀನಿ. ಕಣ್ಣಿಗೆ ಬಿದ್ದಿಲ್ವಾ?"

"ಐದೇ ನಿಮಿಷ ಅಕ್ಕ. ಸಿಂಕಿನ ಕೆಳಗೆ ಒಂದ್ಸಲ ಬಗ್ಗಿ ನೋಡಿ ಹೋಗ್ತೀನಿ."

"ನನ್ನ ಸಿಂಕು ನೀನು ನೋಡೋದು ಬೇಡ."

"ಅವನಿಗಾದ್ರೆ ತೋರಿಸ್ತೀಯ." ಐದು ತಿಂಗಳು ಗಂಟಲಲ್ಲಿ ಇಟ್ಟುಕೊಂಡ ಮಾತು ಜಾರಿಬಿಟ್ಟಿತು.

ಅಕ್ಕ ಚಾಕು ಕೆಳಗಿಟ್ಟಳು. "ಓಹೋ. ಅದಕ್ಕೇನಾ ಮುಖ ಊದಿಸ್ಕೊಂಡು ಓಡಾಡ್ತಿದ್ದಿದ್ದು? ಹೂಂ, ಅವನನ್ನೇ ಕರೆಸ್ದೆ. ನಿನ್ನ ಕರೆಸಿದ್ರೆ ಏನಾಗ್ತಿತ್ತು ಹೇಳ್ಲಾ? ಬರ್ತಿದ್ದೆ, ಬಗ್ತಿದ್ದೆ, ಸರಿ ಮಾಡ್ತಿದ್ದೆ, ಈ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚಿ ತಿಂದು ಹೊರಟುಹೋಗ್ತಿದ್ದೆ. ನಾನು ಅಂಗಡಿ ಹಾಕಿರೋದು ಊಟಕ್ಕೆ ಕಣೋ, ಪೈಪಿಗಲ್ಲ. ಎಂಟು ತಿಂಗಳಿಂದ ಆ ಹಸಿರು ಬಾಗಿಲು ನೋಡ್ತಾ ಇದ್ದೀನಿ, ನನ್ನ ತಮ್ಮ ಅನ್ನಿಸ್ಕೊಂಡೋನು ಬಂದು ಕೂತ್ಕೊಳ್ತಾನಾ ಅಂತ."

"ಪಟ್ಟಿಗೆ ಸಿಂಕು ನೋಡ್ಲೇಬೇಕಲ್ಲ ಅಕ್ಕ," ಎಂದ, ಮೆಲ್ಲಗೆ.

"ಹಾಗಾದ್ರೆ ಪಟ್ಟಿಗೆ ಹಾಕ್ಬೇಡ," ಎಂದು ಅವಳು ಬಾಗಿಲು ಮುಚ್ಚಿದಳು.

ಅವನು ಓಣಿ ಸುತ್ತಿ ಹೋಗಿ ಹಸಿರು ಬಾಗಿಲು ತಳ್ಳಿದ. ಕಿಟಕಿಯ ಪಕ್ಕದ ಮೇಜಿಗೆ ಕೂತು ಬ್ಯಾಗನ್ನು ಕಾಲಡಿಗೆ ಸರಿಸಿದ. ಸ್ಪ್ಯಾನರ್ ಇಲ್ಲದ ಕೈಗಳನ್ನು ಎಲ್ಲಿ ಇಡಬೇಕೋ ತಿಳಿಯದೆ ಒಮ್ಮೆ ಮೇಜಿನ ಮೇಲಿಟ್ಟ, ಒಮ್ಮೆ ತೊಡೆಯ ಮೇಲಿಟ್ಟ. ಅಕ್ಕನ ಮಗಳು ಬಂದಳು.

"ಏನು ಕೊಡ್ಲಿ ಮಾಮ?"

"ಎಲ್ಲರಿಗೂ ಏನು ಕೊಡ್ತೀಯೋ ಅದು."

"ಎಲ್ಲರೂ ಅಂದ್ರೆ ಯಾರು? ಇವತ್ತು ನೀನೇ ಮೊದಲು. ಕೈ ತೊಳ್ಕೊಂಡು ಬಾ."

ಮೂಲೆಯಲ್ಲಿ ಗಿರಾಕಿಗಳ ಕೈ ತೊಳೆಯುವ ಬೇಸಿನ್ ಇತ್ತು. ಅವನು ನಲ್ಲಿ ತಿರುಗಿಸಿದ್ದಷ್ಟೇ, ಒಳಗಿಂದ ಅಕ್ಕನ ದನಿ ಬಂತು: "ಕೈ ತೊಳಿ. ಬಗ್ಗಬೇಡ." ಪೈಪಣ್ಣ ಅರ್ಧ ಬಗ್ಗಿದ್ದ ಸೊಂಟವನ್ನು ನೆಟ್ಟಗೆ ಮಾಡಿಕೊಂಡ.

ಬಂದದ್ದು ಟೊಮೆಟೊದಲ್ಲಿ ಬೇಯಿಸಿದ ಬೀನ್ಸ್ ಕಾಳು, ಒಂದು ತುಂಡು ಹುರಿದ ಮೀನು, ಬ್ರೆಡ್ಡು, ಒಂದು ಗುಟುಕಿನಷ್ಟು ಕೆಂಪು ವೈನು. ಹೊಗಳುವವರು ಬಳಸುವ ಮಾತುಗಳು ಅವನ ಹತ್ತಿರ ಇರಲಿಲ್ಲ. ಅವನು ತಿಂದ. ಕಾಳು ಮುಗಿದಾಗ ಇನ್ನೊಂದು ಸಲ ಬರುತ್ತದೋ ಎಂದು ಅಡುಗೆಮನೆಯ ಕಡೆ ನೋಡಿದ, ಬಂತು. ವೈನಿಗೆ ಮುಖ ಕಿವುಚಿದ. ಆದರೂ ಗ್ಲಾಸನ್ನು ಬೆಳಕಿಗೆ ಹಿಡಿದು, ಮೂಸಿ ನೋಡಿದ. ಸೋಪಿನ ವಾಸನೆ ಇರಲಿಲ್ಲ.

ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಎದುರಿನ ಕುರ್ಚಿಯಲ್ಲಿ ಕೂತಳು. ಹೇಗಿದೆ ಎಂದು ಕೇಳಲಿಲ್ಲ.

"ಬ್ರೆಡ್ಡು ಗಟ್ಟಿ ಅಕ್ಕ," ಎಂದ.

"ನಿನ್ನ ಹಲ್ಲು ಹಳೇದಾಗಿದೆ."

"ಇರಬಹುದು. ಆದ್ರೂ ಗಟ್ಟಿ."

ಶನಿವಾರ ಲೈಬ್ರರಿಯಲ್ಲಿ ಮೇಡಂ ಪೆನ್ನು ಹಿಡಿದು ಕೂತರು. ಹನ್ನೊಂದು ಅಂಗಡಿಗಳಿಗೆ ಅವನ ಮಾತು ಎಂದಿನಂತೆ ಒಂದೊಂದೇ ಸಾಲು: ಧೈರ್ಯವಾಗಿ ತಿನ್ನಬಹುದು, ಧೈರ್ಯವಾಗಿ ಕುಡಿಯಬಹುದು. ಹನ್ನೆರಡನೆಯದಕ್ಕೆ ಬಂದಾಗ ಅವನಿಗೆ ಸಂಘದ ಕಾರ್ಯದರ್ಶಿಯ ಭಾವಮೈದುನರು ನೆನಪಾದರು. ಆಮೇಲೆ ಹೇಳಿದ, ಮೇಡಂ ಬರೆದುಕೊಂಡರು:

"ಗಡಿಯಾರದ ಅಂಗಡಿ ಪಕ್ಕದ ವೈನ್ ಬಾರ್, ಹಸಿರು ಬಾಗಿಲು. ಇದು ನನ್ನ ಅಕ್ಕನದು. ಸಿಂಕು ನೋಡಿಲ್ಲ, ನೋಡಲು ಬಿಡಲಿಲ್ಲ. ಕೂತು ಊಟ ಮಾಡಿದ್ದೇನೆ. ಕಾಳು ಎರಡು ಸಲ ಹಾಕಿಸಿಕೊಂಡೆ. ಬ್ರೆಡ್ಡು ಗಟ್ಟಿ. ವೈನು ನನಗೆ ತಿಳಿಯುವುದಿಲ್ಲ, ಗ್ಲಾಸು ಶುಭ್ರ."

ಮೇಡಂ ಕನ್ನಡಕ ಮೇಲೆ ಮಾಡಿದರು. "ಬ್ರೆಡ್ಡಿನ ವಿಷಯಾನೂ ಹಾಕ್ಲಾ?"

"ಅದನ್ನ ಬಿಟ್ರೆ ಉಳಿದದ್ದನ್ನ ಯಾರು ನಂಬ್ತಾರೆ ಮೇಡಂ?"

ಹಾಳೆ ಸೋಮವಾರ ಬಂತು. ಎರಡು ವಾರ ಅಕ್ಕನಿಂದ ಸುದ್ದಿಯಿಲ್ಲ. ಪೈಪಣ್ಣ ಆ ಬೀದಿಯಲ್ಲಿ ಹೋಗಬೇಕಾದಾಗಲೆಲ್ಲ ಎದುರು ಮಗ್ಗುಲಲ್ಲೇ ಹೋದ, ಕಿಟಕಿಯೊಳಗೆ ನೋಡುವ ಧೈರ್ಯ ಆಗಲಿಲ್ಲ. ಹದಿನೈದನೇ ದಿನ ಬೆಳಗ್ಗೆ ಫೋನು ಬಂತು.

"ನಿನ್ನಿಂದ ನನ್ನ ಮರ್ಯಾದೆ ಹೋಯ್ತು ಕಣೋ," ಎಂದಳು ಅಕ್ಕ. "ಬಂದವರೆಲ್ಲ ಮೊದಲು ಬ್ರೆಡ್ಡೇ ಕೇಳ್ತಾರೆ. ಎಷ್ಟು ಗಟ್ಟಿ ಅಂತ ನೋಡ್ಬೇಕಂತೆ."

"ಎಷ್ಟು ಜನ?"

"ನಿನ್ನೆ ನಾಲ್ಕು ಮೇಜು."

"ಕರಾರು?"

"ಇನ್ನೊಂದು ವರ್ಷಕ್ಕೆ ಹಾಕ್ಸಿದೆ." ಅತ್ತ ಪಾತ್ರೆಯ ಸದ್ದಾಯಿತು. "ಅಷ್ಟು ಜನರ ತಟ್ಟೆ ತೊಳೆದು ಸಿಂಕು ಕಟ್ಟಿಕೊಂಡಿದೆ. ಬ್ಯಾಗ್ ತಗೊಂಡು ಬಾ."

"ಎಲ್ಲಿಂದ ಬರ್ಲಿ?"

"ಮುಂದಿನಿಂದ. ಮೊದಲು ಊಟ, ಆಮೇಲೆ ಸಿಂಕು. ಡಬ್ಬಿ ಏನಾದ್ರೂ ತಂದ್ರೆ ನೋಡು."

ಪೈಪಣ್ಣ ಬ್ಯಾಗು ಎತ್ತಿಕೊಂಡ. ಕಟ್ಟಿಟ್ಟಿದ್ದ ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆಯೇ ಬಿಟ್ಟು ಹೊರಟ.