ಎರಡನೇ ತಾಸು

ಕರಿಹಲಗೆಗೆ ಬರೆಯುವ ಖಡು ಕೈಯ ಬೆವರಿಗೆ ಆಗಲೇ ಮೆತ್ತಗಾಗುತ್ತಿದೆ, ಗಂಟೆ ಬಾರಿಸುವ ಪಟ್ಟೇವಾಲ ವಿಠೋಬ ಇದನ್ನು ಅಂಗೈಗೆ ತುರುಕಿ, ಒಳಗ ನಡೀರಿ ಮಾಸ್ತರ, ತಾಸ ನಿಮದ, ಅಂದು ಬಾಗಿಲು ಎಳೆದುಕೊಂಡು ಹೋದ, ನನ್ನದು ಹೇಗಾದೀತು, ನೂಲುವುದು ಬಲ್ಲೆ, ಕಲಿಸುವುದನ್ನು ನಾನೇ ಕಲಿಯಲು ಬಂದವನು — ಈ ಟ್ರೇನಿಂಗ ಕಾಲೇಜಿನ ಬಾಕುಗಳ ಮೇಲೆ ಮೀಸೆ ಬಂದ ಗಂಡಸರು, ನಾಳೆ ಊರೂರಿಗೆ ಸಾಲಿ ಮಾಸ್ತರರಾಗುವವರು, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ಉಣ್ಣೆ ಕತ್ತರಿಸಲು ಕೆಡವಿದ ಕುರಿ ನಮ್ಮ ಮೊಣಕಾಲ ಸಂದಿಯಿಂದ ಒಂದೇ ಕಣ್ಣು ತೆರೆದು ನೋಡುತ್ತದಲ್ಲ, ಹಾಗೆ — ನಾಲಿಗೆ, ಈ ಹಾಳು ನಾಲಿಗೆ, ನಿನ್ನೆ ಪ್ರಿನ್ಸಿಪಾಲ ಅಣ್ಣಾರಾಯರು ಚಲೋ ಮಾತಿನಲ್ಲೇ ಹೇಳಿದರು, ಧೂಳಪ್ಪನವರ, ಹದಿನೈದ ದಿವಸ ಹಿಂದಿನ ಬಾಕಿನ ಮ್ಯಾಲ ಕುಂದರ್ರಿ, ಉಳದವರು ಹೆಂಗ ಕಲಸ್ತಾರ ನೋಡ್ರಿ, ಆಮ್ಯಾಲ ನೀವು ಉಣ್ಣಿ ನೂಲೂದ ಕಲಸೀರಂತ, ಅಂಜಿಕೆಯಾದಾಗೆಲ್ಲ ನನಗೆ ಸಿಟ್ಟೇ ಬರುತ್ತದೆ, ಹದಿನೈದ ದಿವಸ ಯಾಕರಿ, ನಾ ಏನ ಹಾಲ ಕುಡಿಯೂ ಕೂಸೇನು, ತಾಸ ಸಾಕು — ಒಂದು ತಾಸು ತೋರಿಸಿದರೆ ಸಾಕು ಎಂದು ನನ್ನ ಅರ್ಥ, ಅವರು ನಕ್ಕರು, ಶಾಬ್ಬಾಸ, ಹಂಗಾರ ನಾಳಿ ಎರಡನೇ ತಾಸ ನಿಮದ, ಇವರ ಬಾಯಲ್ಲಿ ತಾಸು ಅಂದರೆ ಪಾಠದ ಪಾಳಿ ಎಂದು ನನಗೇನು ಗೊತ್ತು, ನಮ್ಮೂರು ಮಾಡಗ್ಯಾಳದ ಸಾಲಿಯಲ್ಲಿ ಒಬ್ಬನೇ ಮಾಸ್ತರ, ಬೆಳಗಿನಿಂದ ಸಂಜೆಯತನಕ ಒಂದೇ ಬೈಗುಳ.

ಮುಂಜಾನೆ ಹೆಂಡತಿ ದುಂಡವ್ವ ರೊಟ್ಟಿ ಕಟ್ಟಿಕೊಡುತ್ತ, ತಾಸಿನ್ಯಾಗ ಏನ ಕಲಸ್ತಾರ ನಿಮಗ, ಸಿಟ್ಟೊಂದ ಮನ್ಯಾಗ ಇಟ್ಟ ಹೋಗ್ರಿ, ನಾ ಕಾಯ್ತೀನಿ, ಅಂದು ನಕ್ಕಿದ್ದಳು, ಸಂಸ್ಥಾನದ ಕಾಲದಲ್ಲಿ ಕಂಬಳಿ ಕಾರಖಾನೆಯ ಕೆಲಸ ಇದೇ ಸಿಟ್ಟಿಗೆ ಹೋಯಿತು, ಇದೂ ಹೋದರೆ ಅವಳ ಮೋರೆ ಹೇಗೆ ನೋಡಲಿ — ಅಪ್ಪ ನನ್ನ ಕೈಗೆ ಕತ್ತರಿ ಕೊಡಲು ಒಂದು ವರ್ಷ ಹಿಡಿಯಿತು, ವರ್ಷವೆಲ್ಲ ಬರೀ ಕುರಿಯ ಕಾಲು ಹಿಡಿಯುವುದು, ಕೈ ಹೊಸಾದಿದ್ರ ಕುರಿಗಿ ತಿಳಿತೈತಲೇ, ಅದರ ಕಣ್ಣ ನೋಡು, ಅನ್ನುತ್ತಿದ್ದ, ಹೊಸ ಕೈ ಮುಟ್ಟಿದರೆ ಅದು ರೆಪ್ಪೆ ಬಡಿಯುವುದಿಲ್ಲ, ವರ್ಷ, ಅಪ್ಪಾ, ನಾನು ತಾಸು ಅಂದೆ — ಹಿಂದಿನ ಬಾಕಿನ ಮೇಲೆ ಅದು ಯಾರು, ಅಣ್ಣಾರಾಯರು, ನಾನು ಕೂತಿರಬೇಕಾದ ಜಾಗದಲ್ಲಿ ಕೈಕಟ್ಟಿ ಕೂತಿದ್ದಾರೆ, ಸುರು ಮಾಡ್ರಿ ಗುರೂಜಿ, ತಾಸ ಮುಗದೀತು, ಅಂತಾನೆ ಮುಂದಿನ ಬಾಕಿನವನು, ಯಾರೋ ಕಿಸಕ್ಕೆಂದರು, ಸಿಟ್ಟು ಕುತ್ತಿಗೆಯತನಕ ಏರಿತು, ಬೇಡ ಧೂಳಪ್ಪ, ನುಂಗು, ಹದಿನೈದ ದಿವಸ ಕೊಡ್ರಿ ಸಾಹೇಬ್ರ, ಅಷ್ಟು ಅಂದರೆ ಸಾಕು, ಬಾಯಿ ತೆರೆದಿದ್ದೇನೆ, ಮುಷ್ಟಿಯಲ್ಲಿ ಖಡು ಮುರಿಯಿತು, ಗೋಡೆಯ ಪಟದ ಗಾಜಿನಲ್ಲಿ ನನ್ನದೇ ಮುಖ, ಮುಖದಲ್ಲಿ ಆ ಕಣ್ಣು, ಕೆಡವಿದ ಕುರಿಯ ಕಣ್ಣು, ರೆಪ್ಪೆ ಬಡಿಯದ ಕಣ್ಣು —