ಗೇಟಿನ ಆಚೆಯವಳು

ನನ್ನ ಓರಗಿತ್ತಿಯನ್ನು ನಾನು ಮೊದಲು ಕಂಡ ದಿನ ಅವಳು ನಮ್ಮ ಹೊಸಿಲಿನಲ್ಲಿ ನಿಂತು ಎರಡು ಸಲ ಕೆಮ್ಮಿದಳು. ಆ ಕೆಮ್ಮು ಅವಳದಲ್ಲ. ಆಗಿನ್ನೂ ಅವಳು ಓರಗಿತ್ತಿಯಾಗಿರಲಿಲ್ಲ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ತಂತಿ ಜೋಡಿಸುವ ಯಾರೋ ಹುಡುಗಿ. ಕಾರ್ಖಾನೆ ಕೆಲಸದ ಮೇಲೆ ದೂರದ ಊರಿಗೆ ಹೋಗಿದ್ದ ನನ್ನ ಮೈದುನ ಅಲ್ಲಿಂದ ಫೋನು ಮಾಡಿ, ಮನೆಗೊಂದು ಸುದ್ದಿ ಮುಟ್ಟಿಸಿ ಎಂದು ಕೇಳಿಕೊಂಡಿದ್ದನಂತೆ. ಮೊಣಕಾಲಿನ ಕೆಳಗೆ ಇಳಿಬಿದ್ದ ಬೂದಿ ಬಣ್ಣದ ಗಂಡಸರ ಕೋಟು, ಎರಡು ಮಡಿಕೆ ಮಡಿಸಿದ ತೋಳು, ಎಡಕ್ಕೆ ವಾಲಿಸಿದ ತಲೆ. ಕಣ್ಣು ಮುಚ್ಚಿಕೊಂಡು ಹೇಳಿದಳು: "ಅತ್ತಿಗೇ, ನಾಳೆ ಬರೋದಿಲ್ಲ" — ಇಲ್ಲಿ ಎರಡು ಕೆಮ್ಮು — "ನಾಡಿದ್ದು ಬರ್ತೀನಿ. ನನ್ನ ತಟ್ಟೆ ಎತ್ತಿಡಬೇಡಿ ಅಂತ ಅಮ್ಮನಿಗೆ ಹೇಳಿ." ಮೈದುನ ಮಾತಿನ ನಡುವೆ ಕೆಮ್ಮುವುದು ಹಾಗೆಯೇ. ಒಳಗಿದ್ದ ಅತ್ತೆ, ಮಗ ಬಂದನೆಂದು ಒದ್ದೆ ಕೈಯಲ್ಲೇ ಹೊರಗೆ ಓಡಿಬಂದರು.

ನಾನು ಮಾತ್ರ ಅವಳ ಕೋಟಿನ ಎರಡನೆಯ ಕಾಜಾ ನೋಡುತ್ತಿದ್ದೆ. ದರ್ಜಿ ಅಂಗಡಿಗಳಿಗೆ ಕೈಯಲ್ಲಿ ಕಾಜಾ ಹೊಲಿದುಕೊಡುವುದು ನನ್ನ ಕಸುಬು. ಗುಂಡಿ ತೂರುವ ಆ ಸಣ್ಣ ಕಂಡಿಯ ಸುತ್ತ ದಾರ ಎಷ್ಟು ಒತ್ತಾಗಿ ಕೂತಿದೆ ಎನ್ನುವುದರ ಮೇಲೆ ನಾನು ಮನುಷ್ಯರನ್ನು ಅಳೆಯುವವಳು. ಅವಳದು ಅರ್ಧ ಬಿಚ್ಚಿಕೊಂಡು ಎಳೆ ಎಳೆಯಾಗಿ ನೇತಾಡುತ್ತಿತ್ತು. "ಕೊಡು, ಎರಡು ನಿಮಿಷದಲ್ಲಿ ಹೊಲಿದುಕೊಡ್ತೀನಿ" ಎಂದೆ. "ಇರೋ ಹಾಗೇ ಇರಲಿ ಬಿಡಿ ಅಕ್ಕಾ. ನಮ್ಮಪ್ಪ ಬಿಟ್ಟುಹೋದಾಗ ಹೀಗೇ ಇತ್ತು" ಎಂದಳು. ಆಮೇಲೆ ನಲವತ್ತಕ್ಕೂ ಹೆಚ್ಚು ವರ್ಷ, ಪ್ರತಿ ಚಳಿಗಾಲ, ನಾನು ಕೇಳುವುದೂ ಅವಳು ಅದನ್ನೇ ಹೇಳುವುದೂ ನಡೆಯಿತು. ಪರರ ಮಾತಾಗಲಿ ಅಪ್ಪನ ಕೋಟಾಗಲಿ, ತನ್ನ ಕೈಗೆ ಹೇಗೆ ಬಂತೋ ಹಾಗೆಯೇ ಇರಬೇಕು. ಇದೊಂದು ಅವಳ ಹಟ.

ಮುಂದಿನ ವರ್ಷ ಮೈದುನನನ್ನು ಮದುವೆಯಾಗಿ ಅವಳು ಮನೆಗೆ ಬಂದಳು. ನಡಿಗೆಯೂ ವಿಚಿತ್ರ: ತುಂಬಿದ ಲೋಟ ಹಿಡಿದವರು ನಡೆಯುವ ಹಾಗೆ, ಹೊತ್ತು ತಂದ ಮಾತು ಎಲ್ಲಿ ಚೆಲ್ಲೀತೋ ಎಂದು ಹೆಜ್ಜೆ ನೋಡಿ ನೋಡಿ ಇಡುವಳು. ಎಡಗೈ ಆಗಾಗ ಕಿವಿಗೆ ಹೋಗುತ್ತಿತ್ತು, ಅಲ್ಲಿಲ್ಲದ ಎಕ್ಸ್‌ಚೇಂಜಿನ ಕಿವಿಯಂತ್ರವನ್ನು ಸರಿಪಡಿಸಲು. ಅತ್ತೆ ಅವಳಿಗೆ 'ತಂತಿ' ಎಂದು ಹೆಸರಿಟ್ಟರು. "ನಮ್ಮ ತಂತಿ ಎಲ್ಲಿ? ತಂತಿ ಕೈಲಿ ಹೇಳಿಕಳಿಸಿ." ಒಂದು ಬೆಳಿಗ್ಗೆ ಹಾಲಿನಾಕೆಯ ಮೇಲೆ ಸಿಟ್ಟು ಬಂದು ಅತ್ತೆ, "ನೀರಿಗೆ ಹಾಲು ಬೆರೆಸೋದು ಸಾಕು ಅಂತ ಹೇಳು ಆ ಮಹಾರಾಣಿಗೆ" ಎಂದು ಗೊಣಗಿದರು. ತಂತಿ ಹೋಗಿ, ಅದೇ ಮೂಗಿನ ದನಿಯಲ್ಲಿ, ಮಹಾರಾಣಿಯನ್ನೂ ಬಿಡದೆ ಹೇಳಿ ಬಂದಳು. ಎಂಟು ದಿನ ನಮ್ಮ ಮನೆಗೆ ಹಾಲಿಲ್ಲ. "ಸ್ವಲ್ಪ ನಯ ಮಾಡಿ ಹೇಳಬಾರದಾ ಮಾರಾಯ್ತಿ" ಎಂದರೆ, "ನಯ ಮಾಡಿದ್ರೆ ಅದು ಅತ್ತೆ ಮಾತಾಗ್ತಿರಲಿಲ್ಲ, ನನ್ನ ಮಾತಾಗ್ತಿತ್ತು" ಎಂದಳು. ಅತ್ತೆಗೆ ಸಿಟ್ಟು ಬರಲಿಲ್ಲ. ಬಂದವರಿಗೆಲ್ಲ ಹೇಳಿಕೊಂಡು ನಕ್ಕರು, "ಇವಳ ಬಾಯಲ್ಲಿ ಸುಳ್ಳು ಅಂಬೋದು ಹುಟ್ಟೋದೇ ಇಲ್ಲ." ಹತ್ತು ವರ್ಷ ಆ ಮನೆಯ ಒಲೆ ಉರಿಸಿದ ನನ್ನ ಬಾಯಲ್ಲಿ ಏನು ಹುಟ್ಟುತ್ತಿತ್ತು ಎಂದು ಯಾರೂ ವಿಚಾರಿಸಿರಲಿಲ್ಲ. ಹೊಟ್ಟೆಯೊಳಗೆ ಮೊದಲ ಕಿಡಿ ಬಿದ್ದದ್ದು ಅಂದು, ಮುಚ್ಚಿಡುವುದೇಕೆ.

ಅದು ಉರಿದು ದೊಡ್ಡದಾದದ್ದು ಮನೆ ಆರಿಸುವಾಗ. ನಾವಿದ್ದ ನಗರದ ಹಳೇ ಕಟ್ಟಡವನ್ನು ಕೆಡವುತ್ತೇವೆ, ತಿಂಗಳೊಳಗೆ ಖಾಲಿ ಮಾಡಿ ಎಂದು ನೋಟೀಸು ಬಂತು. ನಮ್ಮ ಮನೆಯವರೂ ಮೈದುನನೂ ಒಂದೇ ಲೇತ್ ಕಾರ್ಖಾನೆಯವರು. ನಗರದಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ಹೋದರೆ ಬೆನ್ನಿಗೆ ಬೆನ್ನು ಹಚ್ಚಿದ ಎರಡು ಸಣ್ಣ ಊರು, ನಡುವೆ ಹಳಿ, ಹಳಿಗೊಂದು ಗೇಟು. ನಗರದ ಕಡೆಯಿಂದ ಹೋಗುವವರು ಸ್ಟೇಷನ್ನಿರುವ ಊರನ್ನು ಗೇಟಿನ ಈಚೆ ಎಂದೂ ಹಳಿ ದಾಟಿದರೆ ಸಿಗುವ ಊರನ್ನು ಗೇಟಿನ ಆಚೆ ಎಂದೂ ಕರೆಯುತ್ತಿದ್ದರು. ಈಚೆಯಲ್ಲಿ ಡಾಕ್ಟರು, ಸಂತೆ, ಹೊತ್ತಿಗೆ ಸರಿಯಾಗಿ ನಲ್ಲಿ ನೀರು. ಆದರೆ ಗೋಡೆಗೆ ಗೋಡೆ ಅಂಟಿದ ಮನೆಗಳು. ಆಚೆಯಲ್ಲಿ ಅಗಲ ಬೀದಿ, ಶಾಲೆ, ಗಾಳಿ. ಆದರೆ ದಿನಕ್ಕೆ ಹನ್ನೊಂದು ಸಲ ಗೇಟು ಬಿದ್ದು ಮನುಷ್ಯರನ್ನು ಬಿಸಿಲಿಗೆ ನಿಲ್ಲಿಸುತ್ತದೆ. ಎರಡು ಮನೆ ಒಂದೇ ಕಡೆ ಸಿಗಲಿಲ್ಲ. ಆಚೆಗೊಂದು, ಈಚೆಗೊಂದು ಸಿಕ್ಕಿತು. "ದೊಡ್ಡವಳು ಮೊದಲು ಆರಿಸಲಿ. ಉಳಿದದ್ದು ಚಿಕ್ಕವಳಿಗೆ" ಎಂದರು ಅತ್ತೆ. ಜೀವಮಾನದಲ್ಲಿ ಏನನ್ನಾದರೂ ಆರಿಸು ಎಂದು ನನಗೆ ಯಾರಾದರೂ ಹೇಳಿದ್ದು ಅದೇ ಮೊದಲು.

ಈಚೆಯ ಮನೆ ಮೊದಲು ನೋಡಿದೆವು. ಮುಂದಿನ ಕೋಣೆಯ ಕಿಟಕಿ ತೆಗೆದರೆ ಮರದ ಡಿಪೋದ ಎತ್ತರದ ಗೋಡೆ. ನಡು ಮಧ್ಯಾಹ್ನವೂ ದೀಪ ಹಾಕಬೇಕು. ಗಂಡಸರೂ ಅತ್ತೆಯೂ ಅಲ್ಲೇ ಚಹಾದಂಗಡಿಯಲ್ಲಿ ಆ ಮನೆಯ ಯಜಮಾನನ ಜೊತೆ ಮಾತಿಗೆ ಕೂತರು, ನಾವಿಬ್ಬರೇ ಹಳಿ ದಾಟಿ ಆಚೆಯ ಮನೆಗೆ ಹೋದೆವು. ಆ ಅಡುಗೆಮನೆಯ ಬಾಗಿಲು ತೆಗೆದಾಗ ಪೂರ್ವದ ಕಿಟಕಿಯಿಂದ ಬೆಳಕು ನನ್ನ ಎರಡೂ ಕೈ ಮೇಲೆ ಬಿತ್ತು. ಉಗುರಿನ ಬುಡದ ಸಿಪ್ಪೆಯೂ ಕಾಣುವಂಥ ಬೆಳಕು. ಕಿಟಕಿಯ ಕೆಳಗೆ ಕೂತು ನೋಡಿದೆ. ಸೂಜಿಗೆ ದಾರ ಪೋಣಿಸುವ ಹಾಗೆ ಬೆರಳು ಎತ್ತಿ ನೋಡಿದೆ. ಎದ್ದು ಹೇಳಿದೆ, "ಹೋಗಿ ಹೇಳು. ನಮಗೆ... ಈಚೇದೇ ಇರಲಿ."

ನಿಂತಿದ್ದೆ ಆ ಮನೆಯಲ್ಲಿ; ಕಾಲ ಕೆಳಗಿನ ನೆಲ ನನಗೆ ಈಚೆ. ಬೇರೆ ಹೇಗೆ ಹೇಳಲಿ?

ನಾನು ಕಿಟಕಿ ಮುಚ್ಚಿ, ಬೀಗ ಹಾಕಿ, ಪಕ್ಕದ ಮನೆಗೆ ಕೀಲಿಕೈ ಕೊಟ್ಟು ಬರುವಷ್ಟರಲ್ಲಿ ಗೇಟು ಬಿದ್ದಿತ್ತು. ಅವಳು ದಾಟಿಯಾಗಿತ್ತು. ಗೂಡ್ಸ್ ಗಾಡಿ, ಮುಗಿಯುವುದೇ ಇಲ್ಲ. ಡಬ್ಬಿಗಳ ಸಂದಿನಲ್ಲಿ ಬೂದಿ ಕೋಟು ಕಾಣುತ್ತಿತ್ತು, ಮರೆಯಾಗುತ್ತಿತ್ತು. ಕೊನೆಯ ಡಬ್ಬಿ ಹೋದಾಗ ನಮ್ಮ ಮನೆಯವರು ಆ ಕಡೆ ಮುಖದ ತುಂಬ ನಗುತ್ತ ಡಿಪೋ ಪಕ್ಕದ ಮನೆಯ ಕೀಲಿಕೈ ಗೊಂಚಲು ಅಲ್ಲಾಡಿಸುತ್ತಿದ್ದರು. "ಅಮ್ಮನಿಗೆ ಡಾಕ್ಟರು ಹತ್ತಿರ ಆಗ್ತಾರೆ ಅಂತ ಈಚೇದು ಆರಿಸಿದೆಯಲ್ಲ, ನನಗೆ ಗೊತ್ತಿತ್ತು ನಿನ್ನ ಮನಸ್ಸು." ಅತ್ತೆ ನನ್ನ ತಲೆ ಸವರಿದರು. ಅವರು ನನ್ನ ತಲೆ ಸವರಿದ್ದು ಅದೊಂದೇ ಸಲ. ಆ ಕೈಯ ಕೆಳಗೆ ನಿಂತು ಅಲ್ಲ ಎನ್ನಲು ನನಗೆ ನಾಲಿಗೆ ಏಳಲಿಲ್ಲ.

ಓರಗಿತ್ತಿಯನ್ನು ಮರೆಗೆ ಕರೆದು ಕೇಳಿದೆ, "ಏನಂತ ಹೇಳಿದೆ ನೀನು?"

"ನೀವು ಹೇಳಿದ ಹಾಗೇ ಅಕ್ಕಾ. 'ನಮಗೆ... ಈಚೇದೇ ಇರಲಿ.' ನಡುವೆ ಒಂದು ಉಸಿರು ತಗೊಂಡಿದ್ರಿ, ಅದನ್ನೂ ಬಿಡಲಿಲ್ಲ."

ಒಂದಕ್ಷರ ಸೇರಿಸಿರಲಿಲ್ಲ, ಒಂದಕ್ಷರ ಕಳೆದಿರಲಿಲ್ಲ. ಮಾತು ನನ್ನದೇ, ದನಿಯೂ ನನ್ನದೇ. ಹಳಿ ದಾಟುವಷ್ಟರಲ್ಲಿ ಮನೆ ಮಾತ್ರ ಅವಳದಾಗಿತ್ತು. ಬೇಕೆಂದೇ ಮಾಡಿದಳೋ, ತಿಳಿಯದೆ ಮಾಡಿದಳೋ? ಬೆಳಕು ನನ್ನ ಕೈ ಮೇಲೆ ಬಿದ್ದದ್ದನ್ನು, ನಾನು ಬೆರಳೆತ್ತಿ ನೋಡಿದ್ದನ್ನು ಅವಳು ಪಕ್ಕದಲ್ಲೇ ನಿಂತು ನೋಡಿದ್ದಳಲ್ಲವೇ? ಈ ಒಂದು ಪ್ರಶ್ನೆಯನ್ನು ಮಡಿಲಲ್ಲಿಟ್ಟುಕೊಂಡು ನಾನು ದೀಪದ ಕೆಳಗೆ ಕೂತು ಸಾವಿರಾರು ಕಾಜಾ ಹೊಲಿದೆ. ಐವತ್ತಕ್ಕೆಲ್ಲ ಕನ್ನಡಕದ ಗಾಜು ಬೆರಳಿನಷ್ಟು ದಪ್ಪವಾಯಿತು.

ಅವಳೋ, ಆಚೆಯ ಊರಿನ ಎಕ್ಸ್‌ಚೇಂಜಿಗೇ ವರ್ಗ ಮಾಡಿಸಿಕೊಂಡು ಹಗಲೆಲ್ಲ ಅಲ್ಲೇ ಇರುವಳು. ಆ ಕಿಟಕಿಯ ಬೆಳಕು ಯಾರೂ ಇಲ್ಲದ ಅಡುಗೆಮನೆಯಲ್ಲಿ ಬಿದ್ದು ಎದ್ದು ಹೋಗುತ್ತಿತ್ತು. ಒಮ್ಮೆ ರಜೆಯ ದಿನ ಹೋದಾಗ ನೋಡುತ್ತೇನೆ, ಒಣಗಲೆಂದು ಕೋಟನ್ನು ಆ ಕಿಟಕಿಯ ಸರಳಿಗೇ ನೇತುಹಾಕಿದ್ದಾಳೆ, ಒಳಗೆ ಕತ್ತಲೆ. ನನ್ನ ಮಗಳು ಶಾಲೆ ಬಿಟ್ಟೊಡನೆ ನೇರ ಅಲ್ಲಿಗೇ ಹೋಗಿ, ಆ ಕಿಟಕಿಯಲ್ಲೇ ಪಾಠ ಬರೆದು ಬರುವಳು. "ಚಿಕ್ಕಮ್ಮನ ಮನೇಲಿ ಅಕ್ಷರ ದುಂಡಗೆ ಬರುತ್ತೆ ಅಮ್ಮ" ಎನ್ನುವಳು. ಒಂದು ದಿನ ಕೇಳಿದಳು: "ಚಿಕ್ಕಮ್ಮ ನಮ್ಮನೇನ ಆಚೆ ಮನೆ ಅಂತಾರೆ, ನೀನು ಅವರ ಮನೇನ ಆಚೆ ಮನೆ ಅಂತೀಯ. ಹಾಗಾದ್ರೆ ಈಚೆ ಇರೋರು ಯಾರು?" ಸುಮ್ಮನೆ ಕೂತು ತಿನ್ನು ಎಂದು ಗದರಿದೆ.

ನನ್ನ ಹೊಟ್ಟೆಕಿಚ್ಚು ಕಿಟಕಿಯಷ್ಟರಲ್ಲೇ ನಿಲ್ಲಲಿಲ್ಲ. ನಮ್ಮ ಮನೆಯಲ್ಲಿ ಫೋನಿರಲಿಲ್ಲ. ನಮ್ಮ ಮನೆಯವರು ತಡವಾದರೆ ಕಾರ್ಖಾನೆಯಿಂದ ಅವಳ ಎಕ್ಸ್‌ಚೇಂಜಿಗೆ ಹೇಳುವರು, ಅವಳು ಹಳಿ ದಾಟಿ ಬಂದು ನನಗೆ ಹೇಳುವಳು. ಒಂದು ಸಂಜೆ ಬಂದು ಕಣ್ಣು ಮುಚ್ಚಿ, ಎಡಕ್ಕೆ ವಾಲಿ, ಅವರ ದನಿಯಲ್ಲಿ ಹೇಳಿದಳು: "ಐದರ ಗಾಡಿ ತಪ್ಪಿಹೋಯ್ತು ಅಂತ ಹೇಳಮ್ಮ ಅವಳಿಗೆ. ಮುಂದಿನದಕ್ಕೆ ಬರ್ತೀನಿ. ಹಾಂ, ಕೊಡೆ ಮರೆತಿಲ್ಲ ಅಂತಾನೂ ಹೇಳು, ಇಲ್ಲದಿದ್ರೆ ಬೈತಾಳೆ." ಕೊನೆಗೊಂದು ಸಣ್ಣ ನಗು, ಅವರದೇ. ಒಂದು ಗಂಟೆಯ ಮೇಲೆ ಮತ್ತೆ ಬಂದಳು. ನಗರದ ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತವರು ಕೂತ ಹಾಗೇ ಹೋಗಿಬಿಟ್ಟರಂತೆ, ಕೊಡೆ ಮಡಿಲಲ್ಲಿತ್ತಂತೆ. ಸ್ಟೇಷನ್ ಮಾಸ್ತರರು ತಿಳಿಸಿದ ಆ ಸುದ್ದಿಯೊಂದನ್ನು ಮಾತ್ರ ಅವಳು ತನ್ನ ಸ್ವಂತ ದನಿಯಲ್ಲಿ ಹೇಳಿದಳು. ಅವಳಿಗೂ ಒಂದು ದನಿಯಿದೆ ಎಂದು ನಾನು ಗಮನಿಸಿದ್ದು ಆಗ. ಬಲು ತೆಳ್ಳಗಿತ್ತು.

ದುಃಖದ ತಳದಲ್ಲೂ ಮತ್ಸರ ಬದುಕಿರುತ್ತದೆ. ಇಪ್ಪತ್ತೆರಡು ವರ್ಷ ಜೊತೆಗಿದ್ದ ಗಂಡನ ಕೊನೆಯ ಮಾತು, ನನಗೆಂದೇ ಆಡಿದ್ದು, ನನ್ನ ಕಿವಿಗೆ ಬೀಳದೆ ಅವಳ ಕಿವಿಗೆ ಬಿತ್ತು. ಬೆಳಕು ಅವಳ ಮನೆಗೆ, ಮಗಳ ದುಂಡಕ್ಷರ ಅವಳ ಮನೆಗೆ, ಇದೂ ಅವಳಿಗೆ. ಆದರೂ ಬೇರೆ ದಾರಿ ಇರಲಿಲ್ಲ. ತಿಂಗಳಿಗೊಮ್ಮೆ ಏನಾದರೂ ನೆಪ ಮಾಡಿ ಹಳಿ ದಾಟಿ ಹೋಗಿ, "ಅವರು ಅವತ್ತು ಏನಂದ್ರು, ಇನ್ನೊಂದು ಸಲ ಹೇಳು" ಎನ್ನುವೆ. ಅವಳು ಕೈಗೆಲಸ ಬಿಟ್ಟು, ಕೈ ಒರೆಸಿಕೊಂಡು, ಕಣ್ಣು ಮುಚ್ಚಿ ಹೇಳುವಳು. ಹತ್ತು ವರ್ಷವಾದರೂ ಒಂದು ಪದ ಹಿಂದುಮುಂದಾಗಲಿಲ್ಲ. ನಗು ಅದೇ ಅಳತೆಯದು. ಬೇರೆ ಯಾರೇ ಆಗಿದ್ದರೂ ನನ್ನನ್ನು ಸಮಾಧಾನ ಮಾಡಲು 'ನಿನ್ನನ್ನು ತುಂಬ ನೆನೆಸಿಕೊಂಡರು' ಎಂದು ಒಂದು ಮಾತು ಸೇರಿಸಿ, ಇದ್ದದ್ದನ್ನೂ ಕೆಡಿಸಿಬಿಡುತ್ತಿದ್ದರು. ಹಾಗೆ ಅಂದುಕೊಂಡು ಬರುವಾಗಲೇ ಹಿಂದಿನಿಂದ ಆ ಕಿಟಕಿ ಕಾಣುವುದು, ಮತ್ತೆ ಹೊಟ್ಟೆ ಉರಿಯುವುದು.

ಅತ್ತೆ ಹೋದರು, ಮೈದುನ ಹೋದ, ಮಗಳು ಮದುವೆಯಾಗಿ ದೂರದ ಊರು ಸೇರಿದಳು. ಹೋದ ವರ್ಷ ಡಾಕ್ಟರು ಓರಗಿತ್ತಿಯ ರಕ್ತದೊತ್ತಡ ನೋಡಿ, ಒಬ್ಬರೇ ಇರಬಾರದು ಎಂದುಬಿಟ್ಟರು. ಹೇಳಿಕಳಿಸಿದಳು, ಹೋದೆ. ನನ್ನನ್ನು ಅಡುಗೆಮನೆಯ ಕಿಟಕಿಯ ಕೆಳಗೆ ಕೂರಿಸಿ ಕೋಟು ತಂದು ನನ್ನ ಮಡಿಲಿಗೆ ಹಾಕಿದಳು. "ಆ ಕಾಜಾ ಹೊಲಿದುಬಿಡಿ ಅಕ್ಕಾ." ಇಷ್ಟು ವರ್ಷ ಮುಟ್ಟಗೊಡದಿದ್ದ ಕೋಟು. ಬೆಳಕು ಕೈ ಮೇಲೆ ಬಿತ್ತು. ದಪ್ಪ ಗಾಜಿನ ಹಿಂದಿನಿಂದಲೂ ಒಂದೇ ಸಲಕ್ಕೆ ದಾರ ಸೂಜಿಗೆ ಹೋಯಿತು.

ಎದುರಿಗೆ ಕೂತು ನೋಡುತ್ತಿದ್ದಳು. ಅರ್ಧ ಕಾಜಾ ಆದಾಗ ಹೇಳಿದಳು: "ಎರಡು ಒಲೆ ಯಾಕೆ ಅಕ್ಕಾ, ಇಬ್ಬರೂ ಒಂದು ಕಡೆ ಇರೋಣ. ಆಚೆನೋ ಈಚೆನೋ, ದೊಡ್ಡವರು ನೀವು, ನೀವೇ ಹೇಳಿ."

ಸೂಜಿಯ ಮೇಲಿನ ಕಣ್ಣು ತೆಗೆಯದೆ, ಯೋಚನೆಯನ್ನೂ ಮಾಡದೆ ಹೇಳಿದೆ, "ಈಚೇದೇ ಇರಲಿ."

ಅದಕ್ಕೆ ಅವಳು ಒಂದು ಮಾತು ಕೇಳಿದಳು. ನನ್ನನ್ನು ಅವಳು ಕೇಳಿದ್ದು ಅದೇ ಕೊನೆ. ಆ ಸಂಜೆಯೇ ಅವಳಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು, ಎಲ್ಲರ ದನಿಗಳ ಜೊತೆ ಅವಳದೂ ಹೋಯಿತು. ಮೂರು ತಿಂಗಳು ಈ ಮನೆಯಲ್ಲೇ ಇದ್ದು ನೋಡಿಕೊಂಡೆ. ದಿನಕ್ಕೊಮ್ಮೆ ಗಾಡಿ ತಪ್ಪಿದ ಮಾತನ್ನೂ ಕೊಡೆಯ ಮಾತನ್ನೂ ನಾನೇ ಅವಳಿಗೆ ಹೇಳುತ್ತಿದ್ದೆ, ಎಲ್ಲಿಯಾದರೂ ತಪ್ಪಿದರೆ ಎಡಗೈ ಬೆರಳೆತ್ತಿ ತಡೆಯುವಳು. ಅವಳು ಹೋದ ಮೇಲೂ ಈ ಕಿಟಕಿಯ ಕೆಳಗೇ ಕೂರುತ್ತೇನೆ. ಇದನ್ನು ಬರೆದದ್ದೂ ಇಲ್ಲೇ.

ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸುವವರನ್ನು ಲೋಕ ಸತ್ಯವಂತರು ಎನ್ನುತ್ತದೆ, ಅದು ಸುಳ್ಳೂ ಅಲ್ಲ. ಪರರ ಮಾತನ್ನು ಅವರು ತಮ್ಮ ಆಸೆಯಿಂದಲೂ ಕರುಣೆಯಿಂದಲೂ ಮುಟ್ಟಿ ಮೈಲಿಗೆ ಮಾಡುವುದಿಲ್ಲ. ಆದರೆ ಮಾತಿಗೆ ಶಬ್ದವಷ್ಟೇ ಅಲ್ಲ, ಅದು ಹುಟ್ಟುವಾಗ ನಿಂತಿದ್ದ ಒಂದು ನೆಲವೂ ಇರುತ್ತದೆ. ಆ ನೆಲವನ್ನು ಹೊತ್ತು ತರಲು ಅವರಿಗೆ ಬರುವುದಿಲ್ಲ, ತಿರುಗಿ ನಿಂತು ವಿಚಾರಿಸಲು ಧೈರ್ಯ ಸಾಲುವುದಿಲ್ಲ. ವಿಚಾರಿಸಿದರೆ ಕೈಗೆ ಬಂದದ್ದನ್ನು ಕೊಡಬೇಕಾದೀತು ಎಂಬ ಅಂಜಿಕೆ ಅವರಂಥವರಿಗೂ ಇರುತ್ತದೆಯೋ ಏನೋ. ನನ್ನವಳಿಗೆ ನಲವತ್ತೊಂದು ವರ್ಷ ಬೇಕಾಯಿತು. ಅಂದು, ಕಾಜಾ ಹೊಲಿಯುತ್ತ, ನಾನು ಈಚೆ ಎಂದಾಗ ಅವಳು ಕಣ್ಣು ಮುಚ್ಚಲಿಲ್ಲ, ತಲೆ ವಾಲಿಸಲಿಲ್ಲ. ಬೆಳಕಿನಲ್ಲಿದ್ದ ನನ್ನ ಕೈಗಳನ್ನೇ ನೋಡುತ್ತ, ತನ್ನ ಆ ತೆಳ್ಳನೆಯ ದನಿಯಲ್ಲಿ ಕೇಳಿದಳು:

"ಯಾವ ಈಚೆ, ಅಕ್ಕಾ?"